ಮಣ್ಣಿನ ತಂತಿ

ಹಲ್ ಬಂದರಿನ ಹೆಸಲ್ ರಸ್ತೆ, ಇಟ್ಟಿಗೆಯ ಸಾಲುಮನೆ.
ಬಾಗಿಲು ತೆರೆದವಳು ಎನಿಡ್ ಬ್ಲೆಂಕಿನ್.
"ದೀಪ ಕೆಟ್ಟಿಲ್ಲ" ಅಂದಳು ಹೊಸ್ತಿಲಲ್ಲೇ,
"ಮಾತಾಡುತ್ತದೆ, ಅಷ್ಟೆ. ಮಗಳ ಹಟಕ್ಕೆ ನಿನ್ನನ್ನು ಕರೆಸಿದ್ದು."

ಚೀಲ ಇಳಿಸಿದೆ. ಇಪ್ಪತ್ತಾರು ವರ್ಷದ ಕಸುಬು,
ಮಾತಾಡುವ ದೀಪಗಳನ್ನು ಕಂಡಿದ್ದೇನೆ.
ಗುಂಯ್ ಅನ್ನುವವು, ಚಟಚಟ ಅನ್ನುವವು,
ಒಂದೇ ಒಂದು ಸಲ ಮಾತಾಡಿ ಮನೆ ಸುಟ್ಟವು.

ಅಡುಗೆಮನೆಗೆ ಕಲ್ಲುನೆಲ, ತೊಟ್ಟಿಯ ಪಕ್ಕ ಸದಾ ಒದ್ದೆ.
ಮೇಲೆ, ಎತ್ತರದವರ ಹಣೆಗೆ ಬಡಿಯುವಂತೆ,
ಹಿತ್ತಾಳೆಯ ಹಡಗಿನ ಲಾಟೀನು,
ಎಣ್ಣೆ ಚೆಲ್ಲಿ ಬಲ್ಬು ಕೂರಿಸಿದ್ದು.
ಗುಜರಿಗೆ ಒಡೆದ ಟ್ರಾಲರಿನಿಂದ ತಂದವನು ಅವಳ ಅಣ್ಣ ಡೆನ್ನಿಸ್.
ಅರವತ್ತೇಳರ ಚಳಿಯಲ್ಲಿ ತಾನೇ ತಂತಿ ಎಳೆದು, ತಾನೇ ತೂಗುಹಾಕಿ
ಮರುವಾರ ಐಸ್‌ಲ್ಯಾಂಡಿನ ಆಚೆಗೆ ಮೀನಿಗೆ ಹೋದ.
ಆ ದಿನ ಮನೆಯಲ್ಲಿ ಬಟ್ಟೆ ಒಗೆಯಲಿಲ್ಲ;
ಒಗೆದರೆ ಹೊರಟವನನ್ನೇ ತೊಳೆದು ಕಳಿಸಿದಂತೆ ಎಂದು ಆ ಬೀದಿಯ ಹೆಂಗಸರ ಅಂಜಿಕೆ.
ಒಗೆಯದೆಯೂ ಹೋದ.
ಮಣ್ಣು ಮಾಡಲು ಒಂದು ಬೂಟೂ ಸಿಗಲಿಲ್ಲ.

"ಕಳೆದ ಚಳಿಗಾಲದಿಂದ" ಅಂದಳು ಎನಿಡ್,
"ಒರೆಸಲು ಕೈ ಇಟ್ಟರೆ ಜುಮ್ ಅನ್ನುತ್ತದೆ. ನೋವಲ್ಲ.
ಅವನು ಸದ್ದಿಲ್ಲದೆ ಬಂದು ಮೊಣಕೈಗೆ ಬೆರಳು ತಾಗಿಸುತ್ತಿದ್ದನಲ್ಲ, ಹಾಗೆ.
ಚಪ್ಪಲಿ ಬಿಟ್ಟು ನಿಂತರೆ ಇನ್ನೂ ಚೆನ್ನಾಗಿ ಕೇಳುತ್ತದೆ."

ಚಪ್ಪಲಿ ಬಿಟ್ಟು.
ನನ್ನ ಕತ್ತಿನ ಹಿಂದೆ ಬೆವರೊಡೆಯಿತು.

ಮೀಟರಿನ ಒಂದು ಮೊನೆ ಲಾಟೀನಿಗೆ, ಇನ್ನೊಂದು ಒದ್ದೆ ಕಲ್ಲಿಗೆ:
ತೊಂಬತ್ತೆಂಟು ವೋಲ್ಟು.
ಮೇನ್ ಆರಿಸಿ ಮುಚ್ಚಳ ಬಿಚ್ಚಿದೆ.
ತಂತಿಯ ರಬ್ಬರು ಹಳೇ ಬಿಸ್ಕತ್ತಿನಂತೆ ಅಂಗೈಗೆ ಉದುರಿತು.
ಬತ್ತಲೆ ತಾಮ್ರ, ಮಸಿ ಹಿಡಿದ ಧೂಳು, ಅದರಾಚೆ ಹಿತ್ತಾಳೆ.

ಆದರೆ ಇನ್ನೊಂದು ತಂತಿ ಇತ್ತು.
ಲಾಟೀನಿನ ಬಳೆಗೆ ಬೆಸೆದು, ತೊಲೆಯುದ್ದಕ್ಕೆ, ಗೋಡೆಯ ಮೂಲೆ ಹಿಡಿದು,
ಗೇಣಿಗೊಂದು ಮೊಳೆ, ಬಲೆ ಹೆಣೆದ ಕೈಯ ಅಚ್ಚುಕಟ್ಟು,
ಇಳಿದು ಇಳಿದು ತೊಟ್ಟಿಯಡಿಯ ಸೀಸದ ಕೊಳವೆಗೆ.
ದೀಪಕ್ಕೂ ಅರ್ಥಿಂಗ್ ಬೇಕೆಂದು ಆಗ ಆ ಬೀದಿಯಲ್ಲಿ ಯಾರೂ ಎಣಿಸಿರಲಿಲ್ಲ.
ಇವನು ಕೊಟ್ಟಿದ್ದ.

ಈಗ ಅಲ್ಲಿ ಮೊಳದುದ್ದ ಸೀಸ, ಆಮೇಲೆ ನೀಲಿ ಪ್ಲಾಸ್ಟಿಕ್.
ಕಳೆದ ಚಳಿಗಾಲ ನೀರಿನ ಕಂಪನಿ ಬದಲಿಸಿತಂತೆ, ಒಳ್ಳೆಯದಕ್ಕೇ.
ನಲ್ಲಿ ತಿರುಗಿಸಿದರೆ ನೀರು ಬಂತು.
ಮಣ್ಣು ಬಿಟ್ಟುಹೋದದ್ದನ್ನು ಯಾರು ನೋಡುತ್ತಾರೆ?

ಮಂಡಿಯೂರಿದಲ್ಲಿಂದಲೇ ಹೇಳಿದೆ. ನಯವಾಗಿ ಹೇಳಲು ನನಗೆ ಬರದು.
"ಜುಮ್ ಅಂದದ್ದು ಅವನಲ್ಲ.
ರಬ್ಬರು ಎಂದೋ ಸತ್ತಿದೆ, ಇಪ್ಪತ್ತು ವರ್ಷ, ಮೂವತ್ತು.
ಸೋರಿದ್ದನ್ನೆಲ್ಲ ಈ ತಂತಿ ಹಿಡಿದು ನೆಲಕ್ಕೆ ಒಯ್ಯುತ್ತಿತ್ತು.
ನಿಮಗೆ ಏನೂ ಅನ್ನಿಸದೆ ಇತ್ತಲ್ಲ, ಅಷ್ಟು ವರ್ಷ,
ಅದು ಅವನು."

ಅವಳು ಮೊಳೆಗಳನ್ನು ಎಣಿಸುವವಳಂತೆ ಗೋಡೆ ನೋಡಿದಳು.
ತೊಲೆಯ ತನಕ ಹೋಗಿ ಮತ್ತೆ ಕೆಳಗಿನಿಂದ.
"ಚಹಾ ಕೊಡಬೇಕಿತ್ತು" ಅಂದಳು, "ನೀನು ಕರೆಂಟು ತೆಗೆದಿದ್ದೀಯ."

ಹಿತ್ತಿಲಲ್ಲಿ, ಬಟ್ಟೆ ಹಗ್ಗದ ಕಂಬದ ಬುಡಕ್ಕೆ
ತಾಮ್ರದ ಸರಳು ಹೊಡೆದೆ. ಕಪ್ಪು ಜೇಡಿ, ಉಪ್ಪಿನ ನೆಲ;
ನಾಲ್ಕಡಿ ಬೆಣ್ಣೆ, ಆಮೇಲೆ ಸುತ್ತಿಗೆಗೂ ಸಿಟ್ಟು ಬಂತು.
ಹಸಿರು ಹಳದಿ ಪಟ್ಟೆಯ ಹೊಸ ತಂತಿ,
ಸೋರಿದರೆ ಎವೆಯಿಕ್ಕುವ ಮೊದಲೇ ಕಡಿಯುವ ಸ್ವಿಚ್ಚು.
ಅವನ ತಂತಿ ಕೀಳಲಿಲ್ಲ. ಕೀಳೆಂದು ಅವಳೂ ಹೇಳಲಿಲ್ಲ.
ಸರಳಿನ ಸುತ್ತ ಸಡಿಲಾದ ಮಣ್ಣನ್ನು
ಹೊರಬಂದು ಹಿಮ್ಮಡಿಯಿಂದ ಒತ್ತಿದಳು ಎನಿಡ್,
ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.

ದೀಪ ಹತ್ತಿದ ಮೇಲೆ, ಬರಿಗಾಲಲ್ಲಿ, ಲಾಟೀನಿಗೆ ಅಂಗೈ ಇಟ್ಟಳು.
"ಏನಾದರೂ?"
"ಏನಿಲ್ಲ" ಅಂದಳು. ಕೈ ತೆಗೆಯಲಿಲ್ಲ.

ಮುಂದಿನ ತಪಾಸಣೆ ಹತ್ತು ವರ್ಷಕ್ಕೆ
ಎಂದು ಫಲಕದ ಮೇಲೆ ಚೀಟಿ ಅಂಟಿಸಿದೆ.
ಕನ್ನಡಕ ಏರಿಸಿ ಓದಿ, ಮೊದಲ ಸಲ ನಕ್ಕಳು:
"ಅಷ್ಟರಲ್ಲಿ ನನ್ನದೇ ಅರ್ಥಿಂಗ್ ಆಗಿರುತ್ತದೆ, ಹುಡುಗಾ.
ಬಿಲ್ಲು ಎಷ್ಟು?"