ಅಳತೆಗೆ ತಕ್ಕ ಪುಸ್ತಕ

ಸುಂಟಿಕೊಪ್ಪದ ಲೈಬ್ರರಿಯ ಮಾಡು ಬಿಚ್ಚುತ್ತಾರಂತೆ,
ದೊಡ್ಡ ಮಳೆ ಹಿಡಿಯುವ ಮೊದಲು.
ಅದಕ್ಕೇ ಜೋಯಪ್ಪ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ:
ಕಾರ್ಡಿಗೆ ಎರಡೇ ಎಂಬ ಕಾನೂನು ಈ ಬೇಸಿಗೆಗಿಲ್ಲ,
ಹೊರಲಾದಷ್ಟು ಒಯ್ಯಿರಿ,
ಹೊಸ ಹೆಂಚು ಕೂತ ಮೇಲೆ ತನ್ನಿ.

ಊರಿಗೆ ಊರೇ ಬಂತು ಅನ್ನಲಾರೆ. ಹದಿನಾಲ್ಕು ಜನ.
ಮೊಯ್ದು ಆಟೋವನ್ನು ಮೆಟ್ಟಿಲಿಗೇ ತಂದು ನಿಲ್ಲಿಸಿ
ಹಿಂದಿನ ಸೀಟಿನ ತುಂಬ ಪತ್ತೇದಾರಿ ಪೇರಿಸಿದ.
ಬಾಡಿಗೆ ಸಿಗದ ಮಧ್ಯಾಹ್ನಕ್ಕೆ ಒಂದು ಕೊಲೆ ಒಳ್ಳೆಯದು, ಎಂದ.
ಎಸ್ಟೇಟಿನ ರೈಟರು ಚರ್ಮಣ ಜೇನು ಸಾಕುವ ಪುಸ್ತಕವೊಂದನ್ನೇ ಹಿಡಿದು
ಕಾಳುಮೆಣಸಿನ ಧಾರಣೆ ಒಳಗೆಲ್ಲಾದರೂ ಇದ್ದೀತೇ ಎಂಬಂತೆ
ನಿಂತಲ್ಲೇ ಹಾಳೆ ತಿರುವಿದರು.
ಬೊಳ್ಳಮ್ಮನ ಮೊಮ್ಮಗಳು ಚಿತ್ರದ ಪುಸ್ತಕವೆಲ್ಲ ನೆಲಕ್ಕೆ ಹರವಿ
ಹುಲಿ ಇರುವುದು, ಹುಲಿ ಇಲ್ಲದ್ದು ಎಂದು
ಎರಡು ರಾಶಿ ಮಾಡಿದಳು.

ನನಗೆ ಗೊತ್ತಿರುವುದು ಒಂದೇ ವಿದ್ಯೆ.
ಕುತ್ತಿಗೆಯಿಂದ ಟೇಪು ಇಳಿಸಿದೆ.

ಏಪ್ರಿಲ್ ಮೇ ಅಂದರೆ ಕೊಡಗಿಗೆಲ್ಲ ಮದುವೆ.
ಅಂಗಡಿಯ ಮೊಳೆಗಳಲ್ಲಿ ಮೂವತ್ತೊಂದು ರವಕೆ ತೂಗುತ್ತಿವೆ,
ಕಾಜ ಬಾಕಿ, ಕೊಕ್ಕೆ ಬಾಕಿ.
ಕರೆಂಟು ಹೋಗಿ ಮೋಟರು ನಿಲ್ಲುವ ಒಂದು ಗಂಟೆ,
ಇಸ್ತ್ರಿಪೆಟ್ಟಿಗೆಯಲ್ಲಿ ಕೆಂಡ ಹತ್ತುವಷ್ಟು ಹೊತ್ತು,
ಮತ್ತೆ, ಹೇಳಿದ ಸಮಯಕ್ಕೆ ಬಾರದ ಗಿರಾಕಿಗಳ ಪುಣ್ಯ.
ಇಷ್ಟರಲ್ಲಿ ಬೇಸಿಗೆಗೆ ಎಷ್ಟು ಇಂಚು ಓದಬಹುದು?
ಮುಕ್ಕಾಲಿಂಚಿನದು ಇರಲಿ. ಎರಡಿಂಚಿನದು ಬೇಡ,
ಮಾವ ಯಾರು ಮೈದುನ ಯಾರು
ಬೆಳಗಾಗುವಷ್ಟರಲ್ಲಿ ಮರೆತಿರುತ್ತೇನೆ.
ಅಕ್ಷರ ಇರುವೆಸಾಲಿನಂತಿದ್ದರೆ ಬೇಡ, ಕಣ್ಣು ಜರಿಗೆ ಬೇಕು.
ಮೊದಲ ಪುಟದಲ್ಲೇ ಬುದ್ಧಿ ಹೇಳುವುದೂ ಬೇಡ,
ನಮ್ಮತ್ತೆ ಇನ್ನೂ ಗಟ್ಟಿಯಾಗಿದ್ದಾರೆ.
ಹಡಗಿನ ಪ್ರವಾಸದ್ದೊಂದು ತೆಗೆದುಕೊಂಡೆ.
ಹುಣಸೂರು ದಾಟುವಷ್ಟರಲ್ಲಿ ನನಗೆ ವಾಂತಿ;
ಕಾಗದದ ಸಮುದ್ರವಾದರೆ ತಡೆದೀತು.

ಕಪಾಟಿನ ತಳದಲ್ಲಿ ರಟ್ಟು ಕಿತ್ತ ಒಂದಿತ್ತು.
ಹೆಸರಿನ ಪುಟವೇ ಇಲ್ಲ, ಬರೆದವರು ಯಾರೋ.
ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನ ಸಣ್ಣ ಅಂಕಿ:
ಉದ್ದ ಹದಿಮೂರೂವರೆ. ಎದೆ ಮೂವತ್ತೆರಡು.
ಭುಜ ಹದಿಮೂರು. ತೋಳು ಒಂಬತ್ತು.
ಅದರ ಕೆಳಗೆ, ಒತ್ತಿ ಬರೆದದ್ದು:
ಒಳಗೆ ಎರಡಿಂಚು ಬಿಡಿ.

ಎರಡಿಂಚು ಬಿಡಿ ಎನ್ನುವವರು ಯಾರೆಂದು
ಹೊಲಿಯುವವರಿಗೆ ಗೊತ್ತು.
ಬೆಳೆಯುವ ಹುಡುಗಿಯ ತಾಯಿ,
ಇಲ್ಲವೇ ಇನ್ನೂ ಯಾರಿಗೂ ಹೇಳದ ಬಸುರಿ.
ತಾರೀಖಿನ ಚೀಟಿಯಲ್ಲಿ ಒಂದೇ ಮೊಹರು, ಯಾವುದೋ ಮೇ ತಿಂಗಳು,
ಇಸವಿ ಮಾಸಿದೆ.
ಇಷ್ಟು ಸಣ್ಣ ತೋಳಿನವಳು ಇದನ್ನು ಎಲ್ಲಿ ಕೂತು ಓದಿದಳು?
ಕಾಫಿ ಕಣದ ಅಂಚಿನಲ್ಲೋ, ಮಡಿಕೇರಿ ಬಸ್ಸಿಗೆ ಕಾಯುತ್ತಲೋ?
ಮುಗಿಸಿದಳೇ?
ಅದೊಂದನ್ನು ಅಳೆಯಲಿಲ್ಲ. ಹಾಗೇ ಚೀಲಕ್ಕೆ ಇಳಿಸಿದೆ.

ಜೂನಿನಲ್ಲಿ, ಹೊಸ ಹೆಂಚಿನ ಮೇಲೆ ಮಳೆಯ ಸದ್ದೇ ಬೇರೆ.
ಮೊಯ್ದುವಿಗೆ ಈಗ ಎಲ್ಲ ಕೊಲೆಗಾರರೂ ಪರಿಚಯ.
ಹುಲಿಯ ರಾಶಿಯಿಂದ ಒಂದು ಇನ್ನೂ ವಾಪಸು ಬಂದಿಲ್ಲ,
ಜೋಯಪ್ಪ ಕೇಳಿಯೂ ಇಲ್ಲ.
ನನ್ನ ಏಳರಲ್ಲಿ ಐದು ಹೋದಂತೆಯೇ ಬಂದವು,
ಹಡಗು ಬಂದರು ಬಿಡಲೇ ಇಲ್ಲ.
ಒಂದನ್ನು ಓದಿದೆ, ಯಾವುದೆಂದು ನೆನಪಿಲ್ಲ.
ಇನ್ನೊಂದನ್ನು ಎರಡು ಸಲ.

ಅದಕ್ಕೆ ಮದುಮಗಳ ಕೆಂಪು ರೇಷ್ಮೆಯ ಚೂರು ಕೂಡಿಸಿ
ಹೊದಿಕೆ ಹೊಲಿದಿದ್ದೆ,
ಒಳಗೆ ಎರಡಿಂಚು ಬಿಟ್ಟು.
ಜೋಯಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿದರು.
ಹೇಗಿದೆ ಇದು, ಎಂದರು.
ಸರಿಯಾಗಿಯೇ ಕೂರುತ್ತದೆ, ಎಂದೆ.
ಎದೆಯ ಹತ್ತಿರ ಮಾತ್ರ ಸ್ವಲ್ಪ ಬಿಗಿ.