ಎಡಕ್ಕ ಏಳು ಸಾಲು ಕಡಿಮಿ

ಐದೂಕಾಲಿಗೆ ಗದಗ ಬಿಡೂ ಮುಂಡರಗಿ ಗಾಡಿ.
ಡಂಬಳ ಬರೂತನಾ ಬಾಗಿಲ ಸಂದಿನಿಂದ
ಕಪ್ಪತಗುಡ್ಡದ ಗಾಳಿ
ಟಿಕೇಟ ತಗೀದಽ ಹತ್ತತೈತಿ.

ಹೋದ ವರ್ಷ ಹುಬ್ಬಳ್ಳಿ ಫುಟ್‌ಪಾತಿನ್ಯಾಗ
ಟಿಬೇಟಿನ ಅಕ್ಕನ ಹಂತೇಕ ಒಂದು ಸ್ವೆಟರ ತಗೊಂಡಿದ್ದೆ.
'ಎಲ್ಲಾರಿಗೂ ಆಗತೈತಿ' ಅಂದಿದ್ಳು.
ನನ್ನ ಬಲಗಡೆಗೆ ಆತು.
ಎಡಗಡೆ, ಹೆಗಲ ಮ್ಯಾಲ ಗುಬ್ಬಿ ಕುಂತಂಗ
ಉಬ್ಬಿಕೊಂಡಿರತಿತ್ತು ದಿನಾ.

ಹದಿನೇಳು ವರ್ಷ ಬ್ಯಾಗು ಹೊತ್ತ ಹೆಗಲು.
ಇಳದೈತಿ ಅಂತ ಗೊತ್ತಿತ್ತು,
ಎಷ್ಟು ಅಂತ ಗೊತ್ತಿರಲಿಲ್ಲ.

ಎಪ್ಪತ್ತು ಮಂದಿ ನಿಂತ ಗಾಡ್ಯಾಗ
ಯಾರ ಮೊಣಕೈ ಎಲ್ಲಿ ತಾಕತೈತಿ ಅಂತ
ಕಣ್ಣ ಮುಚ್ಚಿ ಹೇಳೇನು.
ನನ್ನ ಮೈ ಎಲ್ಲಿಗೆ ಮುಗೀತೈತಿ ಅಂತ
ಯಾರೂ ಕೇಳಿರಲಿಲ್ಲ. ನಾನೂ.

ಕಾಗದ ಹುಡುಕಿದ್ರ ಸಿಕ್ಕಿದ್ದು
ಸೀಟಿನ ಕೆಳಗ ಬಿದ್ದ ಸೊನ್ನಿ ರೂಪಾಯಿ ಟಿಕೇಟು.
ಅದರ ಬೆನ್ನಿಗೆ ಬರದೆ:
ಕೊರಳು, ಎದಿ, ಟೊಂಕ, ರಟ್ಟಿ, ಮುಂಗೈ.
ಮುಂದಿಂದೆಲ್ಲಾ ನಾನಽ ಅಳದೆ,
ಟೇಪಿನ ತುದಿ ಗದ್ದದಾಗ ಒತ್ತಿ ಹಿಡದು.
ಬೆನ್ನು ಮಾತ್ರ ನನ್ನದಲ್ಲ,
ಅದು ಹಿಂದ ನಿಂತವರದು.

ಡಿಪೋದ ಹೆಣ್ಮಕ್ಕಳ ಖೋಲಿ. ಡ್ಯೂಟಿ ಬದಲಾಗೂ ಹೊತ್ತು.
ಖೈರುನ್ನಿಸಾ ಚಹಾದ ಕಪ್ಪು ಕಿಡಕ್ಯಾಗಿಟ್ಟು ಬಂದ್ಳು.
'ಉಸರ ಹಿಡೀಬ್ಯಾಡ, ಸುಳ್ಳ ಅಳತಿ ಬರತೈತಿ.'
ಹೆಗಲಿಂದ ಹೆಗಲಿಗೆ ಹದಿನೈದು.
ಕುತ್ತಿಗಿ ಎಲುವಿನಿಂದ ಟೊಂಕಕ್ಕ ಹದಿನಾರೂವರಿ.
ಸ್ಟೇಜು ಕೂಗಿದಂಗ ಕೂಗಿದ್ಳು, ನಾ ಬರಕೊಂಡೆ.
ಆಮ್ಯಾಲ ಎಡಗಡೆ ಬಂದು ಸುಮ್ಮನಾದ್ಳು,
ಮತ್ತೊಮ್ಮೆ ಟೇಪು ಇಟ್ಟಳು.
'ಬರಿ. ಒಂದು ಇಂಚು ತೆಳಗ.'
ಅದರ ಮ್ಯಾಲ ಅಂಗೈ ಒಂದು ಗಳಿಗಿ ಇಟ್ಟು ತಗದ್ಳು,
ಬಿಸಿ ಕಪ್ಪು ಹಿಡದಿದ್ದ ಅಂಗೈ.

ಬೆಟಗೇರ್ಯಾಗ ಉಲ್ಲನ್ ಕೊಂಡೆ, ಕುಸುಬಿ ಹೂವಿನ ಬಣ್ಣ.
'ಖಾಕಿ ಒಳಗ ಯಾರು ನೋಡ್ತಾರ?' ಅಂದ ಅಂಗಡಿಯಾಂವ.
ನಾ ನೋಡ್ತೀನಿ ಅಂದೆ.
ಅಂಗೈಯಗಲ ಚೌಕ ಹೆಣದು, ತೊಳದು, ಒಣಗಿಸಿ ಎಣಿಸಿದೆ:
ಇಂಚಿಗೆ ಅಡ್ಡ ಐದೂವರಿ ಹೆಣಿಕಿ, ಉದ್ದಕ ಏಳು ಸಾಲು.
ಎದಿ ಮೂವತ್ತೇಳು,
ಉಸರಾಡಾಕ ಎರಡು ಕೂಡಿಸಿದ್ರ ಮೂವತ್ತೊಂಬತ್ತು.
ಐದೂವರಿಲೆ ಗುಣಿಸಿದೆ.
ಇನ್ನೂರಾ ಹದಿನಾಲ್ಕೂವರಿ.

ಅರ್ಧ ಹೆಣಿಕಿ ಹ್ಯಾಂಗ ಹಾಕೂದು?
'ಚಿಲ್ಲರ ಇಲ್ಲ,' ಅಂದ್ಳು ಖೈರುನ್ನಿಸಾ,
'ಇಳಿಯೂ ಮುಂದ ಕೊಡತೀನಿ ಅನ್ನು.'

ತೋಳಿನ ಲೆಕ್ಕ ಬ್ಯಾರೆ.
ಬಲಗೈ ಎಡಗೈಗಿಂತ ಅರ್ಧ ಇಂಚು ಉದ್ದ.
ಮ್ಯಾಲಿನ ಸರಳು ಹಿಡದು ಹಿಡದು ಜಗ್ಗಿರಬೇಕು ಅಂದ್ಕೊಂಡೆ,
ಡಾಕ್ಟರು ಕೇಳಿದ್ರ ನಕ್ಕಾರು.
ಚಿಲ್ಲರದಾಗ ಕೈ ಹಾಕಿದ್ರ ಅಂಚು ಸಿಗಬಾರದು,
ಅದಕ್ಕ ಮುಂಗೈ ಪಟ್ಟಿ ಬಿಗಿ ಮಾಡಿದೆ:
ಎರಡು ಸೀದಾ, ಎರಡು ಉಲ್ಟಾ.

ಬೆನ್ನಿನ ಭಾಗ ಸುಸೂತ್ರ ಮುಗೀತು.
ಎದಿ ಭಾಗದಾಗ ತಪ್ಪಿದೆ.
ನನ್ನ ಕಡೆ ಮುಖ ಮಾಡಿದ ಹೆಣಿಕಿಗೆ
ನನ್ನ ಎಡ ಅದರ ಬಲ ಅನ್ನೂದು
ಕನ್ನಡಿ ಮುಂದ ನಿಂತಾಗ ನೆನಪಾತು.
ಇಪ್ಪತ್ತು ಸಾಲು ಬಿಚ್ಚಿದೆ.
ಹೆರಳು ಬಿಚ್ಚಿದ ಕೂದಲದಂಗ ಅಂಕುಡೊಂಕ ನೂಲು.
ನೀರ ಚಿಮುಕಿಸಿ ಹಗ್ಗಕ್ಕ ಹಾಕಿ ಡ್ಯೂಟಿಗೆ ಹ್ವಾದೆ.

ಹೊಲದು ಕೂಡಿಸಿ ಹಾಸಿಗಿ ಮ್ಯಾಲ ಹರವಿದ್ರ
ಮಗಳು ನಕ್ಕಳು: 'ಕುಂಟತೈತಲ್ಲಬೇ ಇದು!'
ಹಾಕ್ಕೊಂಡು ನಿಂತೆ.
ನಗೂದು ಬಿಟ್ಟು ಎದ್ದು ಬಂದು
ಎಡ ಹೆಗಲಿನ ಮ್ಯಾಲ ಗುಬ್ಬಿ ಹುಡುಕಿದ್ಳು.
ಹಾರಿ ಹೋಗಿತ್ತು.

ಈಗ ಡಂಬಳದ ಗಾಳಿ ಒಳಗ ಬಂದ್ರ
ಮೊದಲು ಟಿಕೇಟ ಕೇಳತೀನಿ.

ಮೊನ್ನೆ ಖೈರುನ್ನಿಸಾ ಆ ಟಿಕೇಟಿನ ಕಂತಿ ಬೇಡಿದ್ಳು,
'ನಾನೂ ಹಾಕ್ಕೋತೀನಿ, ಇದ್ದಂಗಽ ಬರಕೋತೀನಿ.'
ಅವು ನನ್ನ ಅಳತಿ ಅಂದೆ.
ನೀ ಬ್ಯಾಗು ಬಲಕ್ಕ ಹಾಕಾಕಿ.
ಕಪ್ಪು ಅಲ್ಲಿಡು. ಗ್ವಾಡಿ ಕಡೆ ಮುಖ ಮಾಡಿ ನಿಂದ್ರು.
ಉಸರ ಹಿಡೀಬ್ಯಾಡ.