ನಲವತ್ತೆರಡು ತಗಡು

ಕರ್ತನೇ, ಎಲ್ಲರೂ ಕಣ್ಣು ಮುಚ್ಚಿದ್ದಾರೆ.
ನಾನೊಬ್ಬಳು ತಲೆಯೆತ್ತಿ ಸೂರು ನೋಡುತ್ತಿದ್ದೇನೆ.
ಸಾಲಿಗೆ ಏಳು, ಆರು ಸಾಲು,
ನಲವತ್ತೆರಡು ತಗಡು.
ಉಂಡ ಮನೆಯ ಗಳ ಎಣಿಸಬಾರದಂತೆ.
ನಾಳೆ ಬೆಳಗ್ಗೆ ಆರರಿಂದ
ಎಣಿಸುವುದೇ ನನ್ನ ಕೆಲಸ.

ಹೋದ ಮಳೆಗಾಲದವರೆಗೂ ಇಲ್ಲಿ ಹುಲ್ಲಿನ ಮಾಡಿತ್ತು.
ಬೈಬಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ಹನಿ ಬೀಳದ ಮೂಲೆಯಿಂದ ಮೂಲೆಗೆ ಸರಿಯುತ್ತ
ಪ್ರಸಂಗ ಮಾಡುತ್ತಿದ್ದರು ನಮ್ಮ ಪಾದ್ರಿ.
ಆಮೇಲೆ ಲಿಸ್ವಾನಿಸೋ ಅವರ ಲಾರಿ ಬಂತು,
ಮೊಂಗು ದಾರಿಯ ಮರಳಲ್ಲಿ ಹೂತುಕೊಂಡಿತು,
ನಾವೇ ತಳ್ಳಿದೆವು, ಹಾಡುತ್ತ.
ತಗಡಿನ ಮೇಲೆ ಅವರ ಹೆಸರಿಲ್ಲ.
ಬರೆಯಬೇಕಿತ್ತೇ?

ಈಗ ಆಗಸ್ಟ್. ಬಯಲಿನಿಂದ ನೆರೆ ಇಳಿದು
ಜಾಂಬೆಜಿ ತನ್ನ ಪಾತ್ರಕ್ಕೆ ಮರಳಿದೆ.
ಹಗಲ ಕಾವು ಆರುತ್ತ ತಗಡು ಟಕ್ಕೆನ್ನುತ್ತದೆ,
ಮತ್ತೆ ಟಕ್,
ಮೇಲೆ ಯಾರೋ ಕೂತು ಬೆರಳು ಮಡಿಸುತ್ತಿರುವ ಹಾಗೆ.

ಪಾದ್ರಿ ದೇಶಕ್ಕಾಗಿ ಬೇಡಿದರು, ದೀರ್ಘವಾಗಿ.
ಗಾಯನ ಮಂಡಳಿಯ ಹೆಂಗಸರು ಸುತ್ತಿಕೊಂಡ ಚಿತೆಂಗೆಯಲ್ಲಿ
ಅಭ್ಯರ್ಥಿಯ ಮುಖದ ಅಚ್ಚು;
ಮೊಣಕಾಲೂರಿದಾಗ ಅವರ ನಗು ಮಡಿಕೆ ಬೀಳುತ್ತದೆ,
ಎದ್ದಾಗ ಮತ್ತೆ ನಗುತ್ತದೆ.
ಆಮೇಲೆ ಮುದುಕಿ ನಾಲಿಶೇಬೊ ಕೆಮ್ಮಿ ಬಾಯಿ ತೆರೆದಳು:
"ಅಪ್ಪಾ, ನನಗೆ ಓದು ಬಾರದು.
ನಾನು ಹಾಕಿದ ಗುರುತು
ಹಾಕಿದ ಕಡೆಯೇ ಇರಲಿ."
ಅಷ್ಟೇ. ಕೂತುಬಿಟ್ಟಳು.

ಹದಿನೈದು ವರ್ಷದಿಂದ ಒಂದನೇ ಕ್ಲಾಸಿಗೆ ಹೇಳಿಕೊಡುತ್ತಿದ್ದೇನೆ:
ಒಂದು ಅಂದರೆ ನೆಟ್ಟಗೆ ನಿಂತ ಹುಡುಗ,
ಏಳು ಅಂದರೆ ಟೋಪಿ ಹಾಕಿಕೊಂಡ ಹುಡುಗ.
ಕಲಿತವರಲ್ಲಿ ಸಿತುಂಬೆಕೊ ಜಾಣ.
ಲಿಸ್ವಾನಿಸೋ ಅವರ ಸೋದರಳಿಯ, ಈಗ ಗಡ್ಡ ಬಂದಿದೆ.
ಸೋಮವಾರ ಮನೆಗೆ ಬಂದ, ಚಹಾ ಕುಡಿದ,
"ಟೀಚರ್, ಆ ಫಾರಂನಲ್ಲಿ
ಒಂದಕ್ಕೊಂದು ಟೋಪಿ ಹಾಕಿದರೆ ಸಾಕು" ಅಂದ.
ಯಾರಿಗೆ ಟೋಪಿ ಎಂದು ನಾನು ಕೇಳಲಿಲ್ಲ.
ಲಕೋಟೆ ಇಟ್ಟು ಹೋದ.

ಅದು ಈ ಕೀರ್ತನೆ ಪುಸ್ತಕದೊಳಗೇ ಇದೆ, ಕರ್ತನೇ,
ನನ್ನ ಎರಡು ಅಂಗೈ ನಡುವೆ.
ತೆರೆದಿಲ್ಲ. ತೆರೆದಿಲ್ಲವೆನ್ನುವುದೇ
ದೊಡ್ಡಸ್ತಿಕೆಯೆಂದು ಮೂರು ದಿನ ನಂಬಿದ್ದೆ.
ದೀಪಕ್ಕೆ ಹಿಡಿದು ನೋಡಿದ್ದೇನೆ, ನಿನಗೆ ಗೊತ್ತು.
ನಿನ್ನ ಹನ್ನೆರಡು ಮಂದಿಯಲ್ಲೂ
ಹಣದ ಚೀಲ ಹೊತ್ತವನೊಬ್ಬನಿದ್ದ;
ಅವನೂ ಮೊದಮೊದಲು ಬರೀ ಹೊತ್ತಿದ್ದನೇನೋ.

ಬೇಕಾದರೆ ತಗಡು ಬಿಚ್ಚಿಕೊಂಡು ಹೋಗಲಿ
ಎನ್ನುವಷ್ಟು ಎದೆಗಾರಿಕೆ ನನಗಿಲ್ಲ.
ಮಳೆಗೆ ಮೂರೇ ತಿಂಗಳು,
ನಾಲಿಶೇಬೊಳ ಎದೆ ಗೊರಗುಡುತ್ತದೆ ರಾತ್ರಿಯೆಲ್ಲ.
ಆದರೆ ಕಪೆರ್ನೌಮಿನಲ್ಲಿ
ನಿನ್ನ ತಲೆಯ ಮೇಲಿನ ಮಾಳಿಗೆಯನ್ನೇ ಕಿತ್ತರು,
ಹಗ್ಗ ಕಟ್ಟಿ ರೋಗಿಯನ್ನು ಇಳಿಬಿಟ್ಟರು.
ಮಣ್ಣುದುರಿರಬೇಕು ನಿನ್ನ ಕೂದಲಿಗೆ.
ನೀನು ಮಾಳಿಗೆಯ ಮಾತೇ ಎತ್ತಲಿಲ್ಲ.

ಉಳಿದವರು ರಾಜ್ಯಕ್ಕಾಗಿ ಬೇಡಲಿ, ಬೇಡಬೇಕು.
ನಾನು ಒಂದು ಹಾಳೆಗಾಗಿ ಬೇಡುತ್ತೇನೆ,
ಕಾರ್ಬನ್ ಇಟ್ಟು ಬರೆಯುವ ಆ ಒಂದು ಹಾಳೆ.
ಕೈ ನಡುಗುವುದನ್ನು ನಿಲ್ಲಿಸು ಎನ್ನುವುದಿಲ್ಲ.
ನಡುಗಲಿ,
ಗೆರೆ ಸೊಟ್ಟಗಾಗಲಿ,
ಸೊಟ್ಟಗಾದರೂ ಒಂದು ಒಂದಾಗಿರಲಿ.

ಈಗ ಎಲ್ಲರೂ ಆಮೆನ್ ಅಂದರು.
ಬೆಂಚು ಸರಿಸುತ್ತಿದ್ದಾರೆ, ಯಾರೋ ದೀಪ ಎತ್ತಿಕೊಂಡರು.
ಸಿತುಂಬೆಕೊ ಮನೆ ನದಿಯ ಕಡೆಗೆ, ಮಾವಿನ ಮರ ದಾಟಿ;
ಆ ನಾಯಿಗೆ ನನ್ನ ಗುರುತಿದೆ, ಬೊಗಳುವುದಿಲ್ಲ.
ನನ್ನ ಆಮೆನ್ ಇನ್ನೂ ಬಾಯಲ್ಲೇ ಇದೆ.
ಅವನ ಬಾಗಿಲು ತಟ್ಟಿ,
ಲಕೋಟೆ ಅವನ ಕೈಗಿಟ್ಟು,
ಹೊರಗೆ ಬಂದ ಮೇಲೆ
ಹೇಳಬಹುದೇ, ಕರ್ತನೇ?
ಕಾದಿರುತ್ತೀಯಾ?